ರೆಜೀನಳ ಕಲ್ಲುಸಕ್ಕರೆ

ಕಂಗೆಕ್, ಉಮ್ಮನ್ನಾಕ್ ಕೊಲ್ಲಿ, ಗ್ರೀನ್‌ಲ್ಯಾಂಡ್
೧೮ ಫೆಬ್ರವರಿ ೧೯೭೩

ಕೊಪನ್‌ಹೇಗನ್ನಿನ ರೋಗಿಗಳ ಮನೆಯಲ್ಲಿ ನೆರೆದಿರುವ ನಮ್ಮ ನಾಡಿನ ಸಮಸ್ತ ಬಂಧುಗಳೇ, ಊರುಗೋಲು ಹಿಡಿದವರೇ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರೇ, ಒಂದೇ ಶ್ವಾಸಕೋಶದಲ್ಲಿ ಇಬ್ಬರ ಉಸಿರಾಡುವವರೇ, ಕುರ್ಚಿ ಎಳೆದುಕೊಂಡು ಹತ್ತಿರ ಬನ್ನಿ. ಹಿಂದೆ ಕೂತವರಿಗೂ ಕೇಳಬೇಕು. ಓದುತ್ತಿರುವ ಮಾಲಾಕಿಯಾಸ್, ಗಂಟಲು ಸರಿಮಾಡಿಕೋ. ಪರದೆ ಏಳುತ್ತಿದೆ.

ಊರಿಂದ ಯಾರಿಗೆ ಪತ್ರ ಬಂದರೂ ಅಲ್ಲಿ ಊಟದ ಮೇಜಿನ ಸುತ್ತ ಎಲ್ಲರೂ ಕೂತು ಕೇಳುತ್ತಾರೆ, ಮಾಲಾಕಿಯಾಸ್ ಎಂಬ ಹಿರಿಯ ಬೇಟೆಗಾರ ಓದುತ್ತಾನೆ ಎಂದು ನನ್ನ ಮಗಳು ಬೊಲೆಟ್ಟೆ ಬರೆದಿದ್ದಳು. ಅದಕ್ಕೇ ಲಕೋಟೆಯ ಮೇಲೆ ‘ಎಲ್ಲರಿಗೂ’ ಎಂದು ಬರೆದಿದ್ದೇನೆ. ಇಲ್ಲಿನ ಸಭಾಮನೆಯಲ್ಲಿ ಚಳಿಗಾಲ ಚಳಿಗಾಲವೂ ನಾಟಕ ಕಟ್ಟುವ ಪಾವಿಯ ನಾನು. ಒಬ್ಬರ ಕಿವಿಯಲ್ಲಿ ಪಿಸುಗುಟ್ಟಿ ನನಗೆ ಅಭ್ಯಾಸವಿಲ್ಲ.

ಈಗ ಬೊಲೆಟ್ಟೆಯ ತೊಡೆಯ ಮೇಲಿರುವ ಒಂದೂವರೆ ವರ್ಷದ ಆ ಪುಟ್ಟದನ್ನು ನೋಡಿ. ಅವಳು ನನ್ನ ಮೊಮ್ಮಗಳು ಎಂದು ಯಾರಾದರೂ ಹೇಳಿದ್ದರೆ ಅರ್ಧವಷ್ಟೇ ಹೇಳಿದ್ದಾರೆ. ಅವಳು ನನ್ನ ಹೆಂಡತಿ. ನನ್ನ ರೆಜೀನ ತೀರಿಕೊಂಡ ವರ್ಷವೇ ಇವಳು ಹುಟ್ಟಿದಳು. ಹೆಸರು ಇವಳಿಗೆ ಬಂತು, ಹೆಸರಿನ ಜೊತೆ ಅವಳೂ ಬಂದಳು. ನಾನು ‘ಹೆಂಡತೀ’ ಎನ್ನುತ್ತೇನೆ. ಹೆತ್ತ ಬೊಲೆಟ್ಟೆ ‘ಅಮ್ಮ’ ಎನ್ನುತ್ತಾಳೆ. ರೆಜೀನಳ ತಂಗಿ ಲೋವೀಸ ‘ಅಕ್ಕ’ ಎಂದು ಕರೆದು ಮೂಗು ಒರೆಸುತ್ತಾಳೆ. ಇದೆಲ್ಲ ನಿಮಗೆ ಹೊಸದಲ್ಲ. ಅಲ್ಲಿನ ಡೇನಿಷ್ ನರ್ಸುಗಳು ಕಣ್ಣರಳಿಸಿದರೆ ನೀವೇ ತಿಳಿಸಿ ಹೇಳಿ.

ಹಾಗೆ ಮರಳಿ ಬಂದವರು ಕೈ ಚಾಚಿದರೆ ಇಲ್ಲ ಎನ್ನಬಾರದು. ನನ್ನ ರೆಜೀನಳಿಗೆ ಈ ಲೋಕದಲ್ಲಿ ಬೇಕಾಗಿದ್ದು ಒಂದೇ, ಕಲ್ಲುಸಕ್ಕರೆ. ಹಲ್ಲಿನ ನಡುವೆ ಒಂದು ಹರಳು ಕಚ್ಚಿ ಅದರ ಮೇಲಿಂದ ಬಿಸಿ ಕಾಫಿ ಹೀರುತ್ತಿದ್ದಳು. ಹಾಗಾಗಿ ಇವಳು ಮೊಲೆ ಬಿಟ್ಟ ದಿನದಿಂದ ಬೆಳಗಾದರೆ ನನ್ನ ಕೈಯಿಂದಲೇ ಒಂದು ಹರಳು. ನಾಲಿಗೆಗೆ ತಾಗಿದೊಡನೆ ನಗುತ್ತಾಳೆ, ಆ ನಗು ನಾನು ಮದುವೆಯಾದ ನಗುವೇ.

ಆದರೆ ಮೊಲೆ ಬಿಟ್ಟಾಗಿನಿಂದ ಭೇದಿ ನಿಂತಿಲ್ಲ. ಹೊಟ್ಟೆ ಊದಿ ನಗಾರಿ, ಕೈಕಾಲು ಕಡ್ಡಿ. ಉಮ್ಮನ್ನಾಕಿನ ಡಾಕ್ಟರು ಕೈಚೆಲ್ಲಿ ಅಲ್ಲಿಗೆ ಕಳಿಸಿದ್ದಾರೆ. ಬಂಧುಗಳೇ, ಅವಳನ್ನು ನೋಡಿಕೊಳ್ಳಿ. ಒಮ್ಮೆ ಹೂತ ಹೆಂಡತಿಯನ್ನು ಎರಡನೆಯ ಸಲ ಹೂಳಲು ನನ್ನಲ್ಲಿ ಶಕ್ತಿಯಿಲ್ಲ.

ಇಲ್ಲಿ ಎಲ್ಲ ಸೌಖ್ಯ. ಈ ವರ್ಷದ ನಾಟಕಕ್ಕೆ ಜನ ಕಿಟಕಿಯಲ್ಲೆಲ್ಲ ನೇತಾಡಿದರು.

ಪಾವಿಯ

೦

ಕೊಪನ್‌ಹೇಗನ್
೪ ಮಾರ್ಚ್ ೧೯೭೩

ಅಪ್ಪಾ,

ನಿನ್ನ ಪತ್ರ ಓದುವಾಗ ಮಾಲಾಕಿಯಾಸಜ್ಜ ಎದ್ದು ನಿಂತರು. ನಿನ್ನ ಹಾಗೆ ಗುಡುಗಲು ಹೋಗಿ ಕೆಮ್ಮು ಹತ್ತಿತು, ನಡುವೆ ನೀರು ಕುಡಿದು ಮುಗಿಸಿದರು. ಅವರ ಎದೆಯ ಆಪರೇಷನ್ ಮೇ ತಿಂಗಳಿಗೆ ಇದೆ. ‘ನಿಮ್ಮಪ್ಪನ ಪತ್ರ ತಿಂಗಳಿಗೊಂದು ಬಂದ್ರೆ ಸಾಕು ಮಗಳೇ, ವಾರಕ್ಕೊಂದು ಬಂದ್ರೆ ಆಪರೇಷನ್ನಿಗೆ ಉಳಿಯಲ್ಲ’ ಎಂದರು. ಎಲ್ಲರೂ ನಕ್ಕರು.

ಅಮ್ಮ ಚೆನ್ನಾಗಿದ್ದಾಳೆ. ಇಲ್ಲಿ ಅವಳನ್ನು ನೋಡುವವರು ಡಾಕ್ಟರ್ ಥೋರುಪ್, ಉದ್ದ ಕತ್ತಿನ, ಮೆಲುಮಾತಿನ ಮನುಷ್ಯ. ಮೊದಲು ಊಟ ನಿಲ್ಲಿಸಿ ನರಕ್ಕೆ ನೀರು ಹತ್ತಿಸಿದರು. ಭೇದಿ ನಿಂತು, ತೊಟ್ಟಿಲ ಕಂಬಿ ಹಿಡಿದು ಎದ್ದು ನಿಂತಳು. ಮತ್ತೆ ಗಂಜಿ, ಬಿಸ್ಕತ್ತು, ಹಣ್ಣಿನ ರಸ ಶುರುವಾದ ಮೇಲೆ ಹೊಟ್ಟೆ ತುಸು ಸಡಿಲವಾಗಿದೆ. ಹೆದರಬೇಡ.

ಡಾಕ್ಟರಿಗೆ ಹಾಲಿನ ಮೇಲೆ ಅನುಮಾನ. ನಮ್ಮ ಕಡೆಯ ದೊಡ್ಡವರಿಗೆ ಹಾಲು ಆಗಿಬರುವುದಿಲ್ಲ ಎಂದು ಅವರಿಗೂ ಗೊತ್ತು. ನೀನು ಹಾಲು ಕುಡಿದ ದಿನ ರಾಜನ ವೇಷದಲ್ಲೇ ವೇದಿಕೆ ಬಿಟ್ಟು ಹಿತ್ತಲಿಗೆ ಓಡಿದ್ದನ್ನು ಹೇಳಿದೆ. ಅವರು ನಗಲಿಲ್ಲ, ಬರೆದುಕೊಂಡರು.

ತೂಕ ಎಷ್ಟಿದೆ ಎಂದು ಕೇಳುತ್ತೀಯೆ, ಗೊತ್ತು. ಇಲ್ಲಿನ ತಕ್ಕಡಿ ಬೇರೆ ಥರ, ನನಗೆ ಸರಿಯಾಗಿ ತಿಳಿಯುವುದಿಲ್ಲ.

ನನ್ನವನಿಂದ ತಂತಿ ಬಂದಿತ್ತು. ಅವನ ಸೀಗಡಿ ಹಡಗು ಜೂನ್‌ವರೆಗೆ ದಡ ಮುಟ್ಟುವುದಿಲ್ಲವಂತೆ. ಹಾಗಾಗಿ ಈಗ ನಮಗಿರುವುದು ನೀನೇ. ಬರೆಯುತ್ತಿರು.

ಬೊಲೆಟ್ಟೆ

೦

ಕೊಪನ್‌ಹೇಗನ್
೧೯ ಮಾರ್ಚ್ ೧೯೭೩

ಅಪ್ಪಾ,

ಹಾಲು ನಿಲ್ಲಿಸಿದರೂ ಗುಣವಾಗಲಿಲ್ಲ. ಈಗ ಬೇರೊಂದು ಪರೀಕ್ಷೆ ಮಾಡಿದ್ದಾರೆ. ತೆಳ್ಳನೆಯ ನಳಿಗೆಯ ತುದಿಯಲ್ಲಿ ಒಂದು ಲೋಹದ ಗುಂಡು. ಅದನ್ನು ನುಂಗಿಸಿ, ಕರುಳಿಗೆ ಇಳಿಯುವವರೆಗೆ ಕಾದು, ಒಳಗೋಡೆಯಿಂದ ಮೀನಿನ ಮೊಟ್ಟೆಯಷ್ಟು ಸಣ್ಣ ಚೂರು ತೆಗೆದರು. ಅವಳು ಇಡೀ ಹೊತ್ತು ನನ್ನ ಹೆಬ್ಬೆರಳು ಹಿಡಿದುಕೊಂಡಿದ್ದಳು. ಅಳಲಿಲ್ಲ. ಅತ್ತವಳು ನಾನು.

ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆ. ಡಾಕ್ಟರು ನನಗೆ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದರು. ಸಕ್ಕರೆ ಎಂದರೆ ಜೋಡಿ ತುಣುಕಂತೆ, ಒಂದಕ್ಕೊಂದು ಬೆಸೆದುಕೊಂಡದ್ದು. ಜೋಡಿಯಾಗಿರುವಾಗ ಕರುಳಿನ ಗೋಡೆ ದಾಟಿ ರಕ್ತ ಸೇರಲಾರದು. ಗೋಡೆಯ ಮೇಲೆ ಕೂತು ಅದನ್ನು ಕತ್ತರಿಸಿ ಬಿಡಿ ಮಾಡುವವರಿದ್ದಾರೆ. ಅವರನ್ನು ಕಿಣ್ವ ಎನ್ನುತ್ತಾರೆ. ಹಾಲಿನ ಸಕ್ಕರೆಗೆ ಬೇರೆ ಕಿಣ್ವ, ನಾವು ಕಾಫಿಗೆ ಹಾಕುವ ಸಕ್ಕರೆಗೆ ಬೇರೆ. ಕತ್ತರಿಸದೆ ಉಳಿದ ಸಕ್ಕರೆ ಕರುಳಿನಲ್ಲೇ ಕೊಳೆತು, ಮೈಯ ನೀರನ್ನೆಲ್ಲ ಎಳೆದುಕೊಂಡು ಕೆಳಗೆ ಹೋಗುತ್ತದೆ.

ಆಮೇಲೆ ಹೀಗೆಂದರು. ‘ನಾವು ಏನು ತಿಂತೀವೋ ಅದನ್ನ ನೋಡ್ಕೊಂಡು ಕಿಣ್ವ ಕೆಲಸ ಮಾಡುತ್ತೆ. ಆರೋಗ್ಯವಾಗಿರೋರು ಸಕ್ಕರೆ ಹೆಚ್ಚು ತಿಂದ್ರೆ ಕೆಲವೇ ದಿನದಲ್ಲಿ ಅದು ಚುರುಕಾಗುತ್ತೆ. ತಿನ್ನೋದು ಬಿಟ್ರೆ ಮಂಕಾಗುತ್ತೆ.’

ಅಮ್ಮನಲ್ಲಿ ಹೇಗಿದೆ ಎಂಬುದು ಆ ಚೂರನ್ನು ನೋಡಿದ ಮೇಲೆ ತಿಳಿಯುತ್ತದೆ. ಅಲ್ಲಿಯವರೆಗೆ ಕಲ್ಲುಸಕ್ಕರೆ ಸ್ವಲ್ಪ ತಡೆದರೆ ಒಳ್ಳೆಯದು ಎಂದಿದ್ದಾರೆ. ಅದರ ಬದಲು ದ್ರಾಕ್ಷಿಸಕ್ಕರೆಯ ನೀರು ಕೊಟ್ಟರು. ಅದೂ ಸಿಹಿಯೇ. ಚೆನ್ನಾಗಿ ಕುಡಿದಳು, ಏನೂ ಆಗಲಿಲ್ಲ. ಫಲಿತಾಂಶ ಬರುವವರೆಗೆ ಅವಳನ್ನು ಆಸ್ಪತ್ರೆಯಿಂದ ರೋಗಿಗಳ ಮನೆಗೆ, ನನ್ನ ಹತ್ತಿರ ಬಿಟ್ಟಿದ್ದಾರೆ. ಮಾಲಾಕಿಯಾಸಜ್ಜನ ಗಡ್ಡ ಎಳೆಯುವುದೇ ಅವಳ ಕೆಲಸ.

ಬೊಲೆಟ್ಟೆ

೦

ಕಂಗೆಕ್
೨ ಏಪ್ರಿಲ್ ೧೯೭೩

ಮತ್ತೆ ಸೇರಿದಿರಾ, ಸಭಿಕರೇ? ಮಾಲಾಕಿಯಾಸ್, ಕೆಮ್ಮುವುದಿದ್ದರೆ ಈಗಲೇ ಕೆಮ್ಮಿ ಮುಗಿಸು. ಇವತ್ತಿನದು ನಡುವೆ ನಿಲ್ಲಿಸುವಂಥ ದೃಶ್ಯವಲ್ಲ.

ನಮ್ಮ ಊರಿನ ದಡಕ್ಕೆ ಒಂದು ತಿಮಿಂಗಿಲ ಎಳೆದು ತಂದರು ಎಂದಿಟ್ಟುಕೊಳ್ಳಿ. ಗುಡ್ಡದಂತೆ ಬಿದ್ದಿದೆ. ಇಡೀ ತಿಮಿಂಗಿಲ ಯಾರ ಮನೆಯ ಬಾಗಿಲಲ್ಲಿ ಹಿಡಿಯುತ್ತದೆ? ಕತ್ತಿ ಹಿಡಿದವರು ಬಂದು ಕೀಲು ನೋಡಿ ಕಡಿದು, ಮನೆಮನೆಗೆ ಹೋಗುವಷ್ಟು ತುಂಡು ಮಾಡಬೇಕು. ಯಾರೂ ಬರದಿದ್ದರೆ ಅದು ದಡದಲ್ಲೇ ಕೊಳೆತು ಊರಿಗೆ ಊರೇ ಮೂಗು ಮುಚ್ಚಿಕೊಳ್ಳಬೇಕು. ನನ್ನ ಹೆಂಡತಿಯ ಹೊಟ್ಟೆಯೊಳಗೆ ನಡೆಯುತ್ತಿರುವುದು ಇದೇ. ಬೊಲೆಟ್ಟೆಯ ಪತ್ರ ಓದಿದಾಗ ನನ್ನ ಕಣ್ಣ ಮುಂದಿನ ಮಂಜು ಸರಿಯಿತು.

ಹಾಗಾದರೆ ಕತ್ತಿಯವರು ಯಾಕೆ ಬರುತ್ತಿಲ್ಲ? ಅದಕ್ಕೂ ಡಾಕ್ಟರೇ ಉತ್ತರ ಹೇಳಿದ್ದಾರೆ, ಪಾಪ, ಹೇಳಿದ್ದು ಏನೆಂದು ಅವರಿಗೇ ಹೊಳೆದಿಲ್ಲ. ಹೆಚ್ಚು ತಿಂದರೆ ಅವರು ಚುರುಕಾಗುತ್ತಾರೆ, ಬಿಟ್ಟರೆ ಮಂಕಾಗುತ್ತಾರೆ. ಬೇಟೆ ಬಾರದ ಊರಲ್ಲಿ ಕತ್ತಿ ಮಸೆದುಕೊಂಡು ಯಾರು ಕೂತಿರುತ್ತಾರೆ, ನೀವೇ ಹೇಳಿ. ಮನೆಗೆ ಹೋಗಿ ಮಲಗುತ್ತಾರೆ. ದಿನಕ್ಕೊಂದು ಹರಳು ಕೊಟ್ಟು ಜಿಪುಣತನ ಮಾಡಿದವನು ನಾನೇ. ಈಗ ಅದನ್ನೂ ತಡೆದಿದ್ದಾರಂತೆ. ಬೇರೆ ಸಿಹಿನೀರು ಕುಡಿದು ದಕ್ಕಿಸಿಕೊಂಡಿದ್ದಾಳೆ ಎಂದರೆ ನಾಲ್ಕು ಜನ ಕತ್ತಿಯವರು ಆಗಲೇ ಎದ್ದು ಕೂತಿದ್ದಾರೆ ಎಂದೇ ಅರ್ಥ. ಉಳಿದವರನ್ನೂ ಎಬ್ಬಿಸಬೇಡವೇ?

ನಮ್ಮ ಊರಿನ ಅಂಗಡಿಯ ಗೆರ್ತ್‌ನಿಂದ ಕಲ್ಲುಸಕ್ಕರೆ ಕೊಂಡು ಈ ಪತ್ರದ ಜೊತೆ ಪೊಟ್ಟಣ ಕಟ್ಟಿ ಕಳಿಸಿದ್ದೇನೆ. ಬೊಲೆಟ್ಟೆ ಹೆದರುಪುಕ್ಕಲಿ, ಬಿಳಿ ಕೋಟು ಕಂಡರೆ ಅವಳ ಧ್ವನಿ ಇಳಿದುಹೋಗುತ್ತದೆ. ಅದಕ್ಕೇ ನಿಮ್ಮೆಲ್ಲರನ್ನು ಕೇಳುತ್ತಿದ್ದೇನೆ. ಒಬ್ಬೊಬ್ಬರೂ ನಿಮ್ಮ ನಿಮ್ಮ ಕೈಯಿಂದ ನನ್ನ ರೆಜೀನಳಿಗೆ ಒಂದೊಂದು ಹರಳು ಕೊಡಿ. ಅವಳು ಕೈ ಚಾಚುತ್ತಾಳೆ. ಚಿಕ್ಕ ಕೈ ಎಂದು ನೋಡಬೇಡಿ. ಈ ಊರಿನ ಅರ್ಧ ಜನರ ಹೊಕ್ಕುಳಬಳ್ಳಿ ಕೊಯ್ದ ಕೈ ಅದು.

ಕೊಟ್ಟು, ಹಾಡಿ. ಹಾಡದೆ ಯಾರೂ ಎದ್ದು ಬರುವುದಿಲ್ಲ.

ಪಾವಿಯ

೦

ಕಂಗೆಕ್
೧೭ ಏಪ್ರಿಲ್ ೧೯೭೩

ಎಲ್ಲರಿಗೂ, ಮುಖ್ಯವಾಗಿ ಬೊಲೆಟ್ಟೆಗೆ,

ಕತ್ತಿಯವರು ಎದ್ದರೋ ಇಲ್ಲವೋ? ಉಮ್ಮನ್ನಾಕಿನಿಂದ ಟಪಾಲಿನ ಜಾರುಬಂಡಿ ಬಂತು. ಗೆರ್ತ್‌ನಿಗೆ ಬಟ್ಟೆಯ ಬೆಲೆಪಟ್ಟಿ ಬಂತು, ಪಾದ್ರಿಗೆ ಪಂಚಾಂಗ ಬಂತು, ನನಗೆ ಬರಲಿಲ್ಲ. ಹತ್ತು ಜನರ ಎದುರು ಬರಿಗೈಯಲ್ಲಿ ನಿಂತೆ. ‘ಪಾವಿಯ, ಇವತ್ತು ಓದೋದಿಲ್ವಾ?’ ಎಂದು ಒಬ್ಬ ಕೇಳಿದ. ಕನ್ನಡಕ ಮನೆಯಲ್ಲಿದೆ ಎಂದೆ. ಮೂಗಿನ ಮೇಲೆ ಕನ್ನಡಕವಿತ್ತು.

ಲೋವೀಸ ಹೇಳುತ್ತಾಳೆ, ಅಲ್ಲಿ ಹೋದ ಹೆಣ್ಣುಮಕ್ಕಳು ಬದಲಾಗುತ್ತಾರೆ, ಮಕ್ಕಳನ್ನು ಡೇನಿಷ್ ಹೆಸರು ಹಿಡಿದು ಕೂಗುತ್ತಾರೆ, ನಮ್ಮ ಕರೆಯುವ ರೀತಿ ಕೇಳಿ ನರ್ಸುಗಳು ನಕ್ಕರೆ ನಾಚಿಕೊಳ್ಳುತ್ತಾರೆ ಎಂದು. ನನ್ನ ಮಗಳು ಹಾಗಲ್ಲ ಎಂದು ಜಗಳವಾಡಿದೆ. ಜಗಳ ಮುಗಿದ ಮೇಲೆ ನನಗೇ ಅನುಮಾನ ಬಂತು. ನೀನು ಸಕ್ಕರೆ ಬೇಡ ಎಂದೆಯಾ? ನಿನ್ನ ತಾಯಿ ಚಾಚಿದ ಕೈಯನ್ನು ಎಲ್ಲರೆದುರು ಹಿಂದಕ್ಕೆ ತಳ್ಳಿದೆಯಾ? ಅದಕ್ಕೇ ಬರೆಯುತ್ತಿಲ್ಲವೇ? ಹಾಗಿದ್ದರೆ ಹಾಗೆಂದು ಬರೆ. ಹೆತ್ತವಳ ಹೆಸರು ನಿನಗೆ ಭಾರವಾಗಿದ್ದರೆ ಅದನ್ನೂ ಬರೆ.

ಪಾವಿಯ

೦

ಕೊಪನ್‌ಹೇಗನ್
೨೧ ಏಪ್ರಿಲ್ ೧೯೭೩

ಅಪ್ಪಾ,

ಈ ಪತ್ರವನ್ನು ಯಾರಿಗೂ ಓದಿ ಹೇಳಬೇಡ. ಬಾಗಿಲು ಹಾಕಿಕೊಂಡು ಒಬ್ಬನೇ ಓದು.

ನಿನ್ನ ಪೊಟ್ಟಣ ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಫಲಿತಾಂಶ ಹೇಳಲು ಡಾಕ್ಟರು ಕರೆಸಿದ್ದರು. ಅವಳು ನಿದ್ದೆಯಲ್ಲಿದ್ದಳು, ಮಾಲಾಕಿಯಾಸಜ್ಜನ ಪಕ್ಕದಲ್ಲಿ ಮಲಗಿಸಿ ಹೋಗಿದ್ದೆ.

ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು. ‘ನಿಮ್ಮ ಮಗುವಿನ ಕರುಳಲ್ಲಿ ಸಕ್ಕರೆ ಕತ್ತರಿಸೋ ಕಿಣ್ವ ಮಂಕಾಗಿಲ್ಲ, ಕಡಿಮೆಯಾಗಿಲ್ಲ. ಇಲ್ಲವೇ ಇಲ್ಲ. ಹುಟ್ಟಿನಿಂದ ಇಲ್ಲ. ನಿಮ್ಮ ನಾಡಲ್ಲಿ ಇಂಥ ಮಕ್ಕಳು ಬೇರೆ ಕಡೆಗಿಂತ ಹೆಚ್ಚು. ಇರೋ ಕಿಣ್ವವನ್ನ ಊಟ ಚುರುಕು ಮಾಡಬಹುದು, ಇಲ್ಲದ್ದನ್ನ ಹುಟ್ಟಿಸೋಕಾಗಲ್ಲ.’ ದ್ರಾಕ್ಷಿಸಕ್ಕರೆ ಮೊದಲೇ ಬಿಡಿ ತುಣುಕಂತೆ, ಅದಕ್ಕೆ ಕತ್ತರಿಯೇ ಬೇಡ. ಅದಕ್ಕೇ ಅದು ಒಗ್ಗಿತು. ಹಾಲೂ ಕೊಡಬಹುದು. ಮೀನು, ಸೀಲ್ ಮಾಂಸ, ಕೊಬ್ಬು ಎಷ್ಟು ಬೇಕಾದರೂ ತಿನ್ನಬಹುದು. ಸಕ್ಕರೆ ಒಂದನ್ನು ದೂರವಿಟ್ಟರೆ ಎಲ್ಲ ಮಕ್ಕಳ ಹಾಗೆ ಓಡಾಡಿ ಬೆಳೆಯುತ್ತಾಳೆ.

ಅಪ್ಪಾ, ನಾನು ಓಡಿಬಂದೆ. ಬಸ್ಸಿಗೂ ಕಾಯಲಿಲ್ಲ. ದಾರಿಯುದ್ದಕ್ಕೂ ನಗುತ್ತಿದ್ದೆ, ಜನ ತಿರುಗಿ ನೋಡುತ್ತಿದ್ದರು. ಬಾಗಿಲು ತೆಗೆದರೆ ಒಳಗೆ ಹಾಡು. ಮೇಜಿನ ಸುತ್ತ ಎಲ್ಲರೂ ನಿಂತಿದ್ದರು, ಕಣ್ಣಿಗೆ ಪಟ್ಟಿ ಕಟ್ಟಿದವರೂ. ಅವಳನ್ನು ಮೇಜಿನ ನಡುವೆ ಕೂರಿಸಿದ್ದರು. ಗಲ್ಲವೆಲ್ಲ ಅಂಟಂಟು. ನನ್ನನ್ನು ನೋಡಿ ನಕ್ಕಳು.

ಮಾಲಾಕಿಯಾಸಜ್ಜ ಹೇಳಿದರು. ‘ಬಾ ಮಗಳೇ. ನಿಮ್ಮಪ್ಪ ಹೇಳಿದ ಹಾಗೇ ಮಾಡಿದ್ವಿ. ಒಬ್ಬರೂ ತಪ್ಪಿಸಿಲ್ಲ.’

ಸಂಜೆಯೊಳಗೆ ಕಣ್ಣು ಗುಳಿಬಿದ್ದವು. ಹೊಟ್ಟೆಯ ಚರ್ಮ ಹಿಡಿದೆತ್ತಿದರೆ ಹಾಗೇ ನಿಲ್ಲುತ್ತಿತ್ತು. ಆಂಬುಲೆನ್ಸಿನಲ್ಲಿ ಒಂದು ಸಲ ಉಸಿರೇ ಇಲ್ಲ ಎಂದುಕೊಂಡೆ. ಈಗ ಬದುಕಿದ್ದಾಳೆ. ನರಕ್ಕೆ ಮತ್ತೆ ನೀರು ಹತ್ತಿಸಿದ್ದಾರೆ. ತಲೆಯ ಒಂದು ಬದಿಯ ಕೂದಲು ಬೋಳಿಸಿ ಅಲ್ಲಿ ಸೂಜಿ ಚುಚ್ಚಿದ್ದಾರೆ, ಕೈಯಲ್ಲಿ ನರ ಸಿಗಲಿಲ್ಲ.

ಯಾರು ಕೊಟ್ಟರು ಎಂದು ಡಾಕ್ಟರು ಕೇಳಿದರು. ಗೊತ್ತಿಲ್ಲ ಎಂದೆ. ಹೊರಗಿನ ತಿನಿಸು ಕೊಟ್ಟವರನ್ನು ಮನೆಯಿಂದ ಕಳಿಸಿಬಿಡುತ್ತೇವೆ ಎಂದು ಮೇಲ್ವಿಚಾರಕಿ ಮೊದಲೇ ಎಚ್ಚರಿಸಿದ್ದಾಳೆ. ಮಾಲಾಕಿಯಾಸಜ್ಜ ತಾವೇ ಹೋಗಿ ಹೇಳುತ್ತೇನೆಂದು ಕೋಟು ಹಾಕಿಕೊಂಡಿದ್ದರು. ನಾನು ಕಾಲು ಹಿಡಿದು ತಡೆದೆ. ಆಪರೇಷನ್ನಿಲ್ಲದೆ ಊರಿಗೆ ಕಳಿಸಿದರೆ ಅವರು ಮುಂದಿನ ಚಳಿಗಾಲ ಕಾಣುವುದಿಲ್ಲ.

ಹಾಗಾಗಿ ಆಸ್ಪತ್ರೆಯವರೆಲ್ಲ ನಾನೇ ಕೊಟ್ಟೆ ಎಂದು ತಿಳಿದಿದ್ದಾರೆ. ‘ಬೆಳಗ್ಗೆ ತಾನೇ ನಿಮಗೆ ಹೇಳಿದ್ದೆ’ ಎಂದರು ಡಾಕ್ಟರು. ಅಷ್ಟೇ ಅಂದದ್ದು. ಆಮೇಲೆ ಮಕ್ಕಳ ವಿಚಾರ ನೋಡಿಕೊಳ್ಳುವ ಮಂಡಳಿಯ ಇಬ್ಬರು ಹೆಂಗಸರು ಬಂದರು. ತಾಯಿಗೆ ಹೇಳಿದ್ದು ತಲೆಗೆ ಹೋಗುವುದಿಲ್ಲ, ಊರಿಗೆ ಕಳಿಸಿದರೆ ಈ ಮಗು ಉಳಿಯುವುದಿಲ್ಲ ಎಂದು ಅವರ ಯೋಚನೆ. ಶಾಲೆಗೆ ಸೇರುವ ವಯಸ್ಸಿನವರೆಗೆ ಇಲ್ಲಿನ ಮಕ್ಕಳ ಮನೆಯಲ್ಲಿ ಇಡಬೇಕೋ ಬೇಡವೋ ಎಂದು ಮೇ ಹದಿನಾಲ್ಕಕ್ಕೆ ಕೂತು ತೀರ್ಮಾನಿಸುತ್ತಾರೆ. ಆ ವಯಸ್ಸಿಗೆ ಬಂದಾಗ ಅವಳಿಗೆ ನಮ್ಮ ಮಾತು ಒಂದೂ ಬರುವುದಿಲ್ಲ, ಅಪ್ಪಾ. ನಿನ್ನ ಪತ್ರ ಯಾರು ಓದಿ ಹೇಳಿದರೂ ಅವಳಿಗೆ ಅದು ಗಾಳಿಯ ಸದ್ದು.

ನನ್ನದೂ ತಪ್ಪಿದೆ. ಒಂದು ಹರಳೂ ಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ನಿನಗೆ ಬರೆಯುವಾಗ ಅದನ್ನು ‘ಸ್ವಲ್ಪ ತಡೆದರೆ ಒಳ್ಳೆಯದು’ ಎಂದು ಮೆತ್ತಗೆ ಮಾಡಿದೆ. ಬೆಳಗ್ಗೆ ಅವಳ ಬಾಯಿಗೆ ಹರಳಿಡುವಾಗಿನ ನಿನ್ನ ಮುಖ ನೆನಪಾಯಿತು.

ಬೊಲೆಟ್ಟೆ

೦

ಕೊಪನ್‌ಹೇಗನ್
೨ ಮೇ ೧೯೭೩

ಅಪ್ಪಾ,

ಏಪ್ರಿಲ್ ಹದಿನೇಳರ ನಿನ್ನ ಪತ್ರ ಈಗ ಸಿಕ್ಕಿತು. ಮಾಲಾಕಿಯಾಸಜ್ಜನ ಕೈಯಿಂದ ಕಸಿದುಕೊಂಡೆ, ಓದಲು ಬಿಡಲಿಲ್ಲ.

ಕೇಳಿದ್ದೆಯಲ್ಲ, ಉತ್ತರ ಇಲ್ಲಿದೆ. ಹೌದು, ನಾನು ಅವಳನ್ನು ಅಮ್ಮ ಎಂದು ಕರೆಯುವುದನ್ನು ನಿಲ್ಲಿಸಿದ್ದೇನೆ. ನರ್ಸುಗಳು ನಗುತ್ತಾರೆಂದಲ್ಲ. ಅಮ್ಮ ಎಂದರೆ ಅವಳು ಕೇಳಿದ್ದನ್ನು ಕೊಡಬೇಕು. ಮಗಳೇ ಎಂದರೆ ಕೂಡದು ಎನ್ನಬಹುದು. ಮೊನ್ನೆ ಪಕ್ಕದ ಹಾಸಿಗೆಯ ಮಗುವಿನ ಬಿಸ್ಕತ್ತಿಗೆ ಕೈ ಚಾಚಿದಳು. ಆ ಕೈಯನ್ನು ಹಿಡಿದು ಕೆಳಗಿಳಿಸಿದೆ. ಅತ್ತಳು, ನಾನು ನೋಡುತ್ತಾ ಕೂತೆ. ನನಗೆ ಎಷ್ಟು ಭಾರವಾಯಿತೆಂದು ನೀನು ಕೇಳಲಿಲ್ಲ, ಹೇಳುವುದೂ ಇಲ್ಲ.

ಮಕ್ಕಳ ಮನೆಯನ್ನು ತೋರಿಸಿದರು. ಸ್ವಚ್ಛವಾಗಿದೆ. ಕಿಟಕಿಗೆ ಹಳದಿ ಪರದೆ. ಸಂಜೆಯ ತಿಂಡಿಗೆ ಎಲ್ಲ ಮಕ್ಕಳಿಗೂ ಬ್ರೆಡ್ಡು, ಜಾಮು. ಇವಳಿಗೆ ಕೊಡುವುದಿಲ್ಲ ಎಂದಿದ್ದಾರೆ. ಎಲ್ಲರ ತಟ್ಟೆಯಲ್ಲೂ ಇರುವುದನ್ನು ಇವಳೊಬ್ಬಳಿಂದ ಯಾರು ಕಾಯುತ್ತಾರೆ?

ಲೋವೀಸ ಚಿಕ್ಕಮ್ಮ ಬರೆದಿದ್ದಾಳೆ. ಸಭಾಮನೆಯ ಒಲೆಯನ್ನೇ ಈ ಚಳಿಗಾಲ ಹಚ್ಚಿಲ್ಲವಂತೆ. ನಾಟಕವೇ ಆಗಿಲ್ಲವಂತೆ. ನೀನು ಸಂಜೆಯಾದರೆ ದೀಪ ಹಚ್ಚದೆ ಕೂತಿರುತ್ತೀಯಂತೆ. ಕಿಟಕಿಯಲ್ಲಿ ಜನ ನೇತಾಡಿದ ಕಥೆಯನ್ನು ನಾವೆಲ್ಲ ಇಲ್ಲಿ ಚಪ್ಪಾಳೆ ತಟ್ಟಿ ಕೇಳಿದ್ದೆವು.

ಇನ್ನು ಕೂಗಬೇಡ ಅಪ್ಪಾ. ಏನಾದರೂ ಮಾಡು.

ಬೊಲೆಟ್ಟೆ

೦

ಕಂಗೆಕ್
೭ ಮೇ ೧೯೭೩

ಮಗಳೇ ಬೊಲೆಟ್ಟೆ,

ಇದು ನಿನಗೊಬ್ಬಳಿಗೆ. ಲಕೋಟೆಯ ಮೇಲೆ ನಿನ್ನ ಹೆಸರಷ್ಟೇ ಇದೆ.

ಏಪ್ರಿಲ್ ಇಪ್ಪತ್ತೊಂದರ ನಿನ್ನ ಪತ್ರ ನಿನ್ನೆ ಬಂತು. ಕೊಲ್ಲಿಯ ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆಯ ದಾರಿ ಒಡೆಯುತ್ತಿದೆ, ಟಪಾಲಿನವನು ಸುತ್ತಿ ಬಳಸಿ ಬಂದ. ಇನ್ನು ಹಡಗು ಬರುವವರೆಗೆ ಬರುವುದಿಲ್ಲ ಎಂದ. ಜನ ಎಂದಿನಂತೆ ನಮ್ಮ ಮನೆಯಲ್ಲಿ ಸೇರಿದ್ದರು. ಮೊದಲ ಸಾಲು ಓದಿ ಎಲ್ಲರನ್ನೂ ಹೊರಗೆ ಕಳಿಸಿದೆ. ಬಾಗಿಲು ಹಾಕಿದೆ. ನೀನು ಹೇಳಿದಂತೆ ಒಬ್ಬನೇ ಓದಿದೆ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಬಾಗಿಲು ತೆಗೆದಾಗ ಯಾರೂ ಮನೆಗೆ ಹೋಗಿರಲಿಲ್ಲ. ಚಳಿಯಲ್ಲಿ ನಿಂತೇ ಇದ್ದರು.

ಆಗ ನಿನ್ನ ಮಾತು ಮೀರಿದೆ. ಒಳಗೆ ಕರೆದು ಪೂರ್ತಿ ಓದಿ ಹೇಳಿದೆ, ಒಂದು ಸಾಲೂ ಬಿಡದೆ. ಅವಳು ಮರಳಿ ಬರುವುದಾದರೆ ಬರುವುದು ಇವರ ನಡುವೆಯೇ. ಹುಟ್ಟುಹಬ್ಬಕ್ಕೆ, ಮೊದಲ ಬೇಟೆಗೆ, ಶಾಲೆಗೆ ಸೇರಿದ ದಿನಕ್ಕೆ, ಯಾರ ಮನೆಗೆ ಹೋದರೂ ಕಾಫಿ, ಕೇಕು. ಇವರಿಗೆ ಗೊತ್ತಿರದಿದ್ದರೆ ನೀನು ಒಬ್ಬಳೇ ಎಷ್ಟು ಬಾಗಿಲು ಕಾಯುತ್ತೀಯೆ? ನನ್ನ ಧ್ವನಿ ಏರಲಿಲ್ಲ. ಹಿಂದೆ ಕೂತವರು ಮುಂದಕ್ಕೆ ಬಂದು ಕೇಳಿದರು.

ಲೋವೀಸ ಅತ್ತಳು. ‘ಭಾವಾ, ಅಕ್ಕ ಕೈ ಚಾಚಿದ್ರೆ ನಾನು ಹೇಗೆ ಇಲ್ಲ ಅನ್ನಲಿ?’ ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ನಾನು ಬರೆದಿಟ್ಟುಕೊಂಡ ಸಂಭಾಷಣೆ ಯಾವುದೂ ಇರಲಿಲ್ಲ. ಬಾಯಿಗೆ ಬಂದದ್ದು ಇಷ್ಟು. ‘ನಿಮ್ಮಕ್ಕನ ಹೆಸರು ಮಗುವಿಗೆ ಬಂದಿದೆ ಲೋವೀಸ, ನಿಮ್ಮಕ್ಕನ ಕರುಳು ಬಂದಿಲ್ಲ. ಕರುಳು ಮಗುವಿನದ್ದೇ. ನಾವು ಸತ್ತವಳಿಗೆ ಉಣ್ಣಿಸ್ತಾ ಬದುಕಿರೋಳನ್ನ ಹಸಿವಲ್ಲಿ ಇಟ್ಟಿದ್ವಿ.’ ಗೆರ್ತ್ ಎದ್ದು ಹೋಗಿ ಒಲೆಗೆ ಕಲ್ಲಿದ್ದಲು ಹಾಕಿದ.

ಬೊಲೆಟ್ಟೆ, ನಿನ್ನ ಮೇಲಿನ ಸಿಟ್ಟಿನಲ್ಲಿ ನಾನು ಹದಿನೇಳರಂದು ಬರೆದ ಪತ್ರವೂ ಇಷ್ಟರಲ್ಲಿ ನಿನ್ನ ಕೈ ಸೇರಿರುತ್ತದೆ. ಅದನ್ನು ವಾಪಸು ಕರೆಯುವ ದಾರಿ ನನಗೆ ಗೊತ್ತಿಲ್ಲ. ನೀನು ಯಾರ ಹೆಸರನ್ನೂ ಹೇಳದೆ ಎಲ್ಲವನ್ನೂ ಮೈಮೇಲೆ ಎಳೆದುಕೊಂಡು ಕೂತಿದ್ದಾಗ ನಾನು ಇಲ್ಲಿ ಕೂತು ನಿನ್ನನ್ನು ಹಾಗೆ ಕೇಳಿದೆ.

ಈಗ ಮಾಡುವುದನ್ನು ಕೇಳು. ಉಮ್ಮನ್ನಾಕಿನಲ್ಲಿ ರೇಡಿಯೋ ಫೋನ್ ಇದೆ, ಅಲ್ಲಿಂದ ಕೊಪನ್‌ಹೇಗನ್ನಿಗೆ ಮಾತಾಡಬಹುದು. ಹದಿನಾಲ್ಕಕ್ಕೆ ಮೊದಲು ಡಾಕ್ಟರ್ ಥೋರುಪ್ ನನ್ನ ಬಾಯಿಂದ ಕೇಳಬೇಕು. ದುಭಾಷಿ ಬೇಡ. ದುಭಾಷಿಗಳು ಒಳ್ಳೆಯವರು, ಎಲ್ಲವನ್ನೂ ಮೆತ್ತಗೆ ಮಾಡುತ್ತಾರೆ. ಆದರೆ ನನಗೆ ಬರುವ ಡೇನಿಷ್ ಎಲ್ಲ ನಾಟಕದಲ್ಲಿ ಡೇನಿಷ್ ವ್ಯಾಪಾರಿಯ ಪಾತ್ರಕ್ಕೆ ಕಲಿತದ್ದು. ಬಾಗಿಲು ಮುಚ್ಚು, ಚರ್ಮ ಎಣಿಸು, ಹೊರಗೆ ನಡಿ. ಅದಕ್ಕೆ ಇವತ್ತು ಅಂಗಡಿ ಮುಚ್ಚಿಸಿ ಗೆರ್ತ್‌ನ ಎದುರು ಕೂತು ಕಲಿತೆ. ‘ಸಕ್ಕರೆ ಕಳಿಸಿದವನು ನಾನು. ಕೊಡಿ ಎಂದು ಬರೆದವನು ನಾನು. ನನ್ನ ಮಗಳಿಗೆ ಗೊತ್ತಿರಲಿಲ್ಲ.’ ಮೂರೇ ವಾಕ್ಯ. ಮುನ್ನೂರು ಸಾಲಿನ ಪಾತ್ರ ಬಾಯಿಪಾಠ ಮಾಡಿದವನಿಗೆ ಈ ಮೂರು ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ‘ಮೆಲ್ಲಗೆ ಹೇಳು ಪಾವಿಯ, ನೀನು ಕೂಗಿದ್ರೆ ಅವರು ಬೈತಿದ್ದಾನೆ ಅಂದ್ಕೋತಾರೆ’ ಎಂದ ಗೆರ್ತ್. ಮೆಲ್ಲಗೆ ಹೇಳುವುದನ್ನೂ ಅಭ್ಯಾಸ ಮಾಡಿದೆ. ಮಾಲಾಕಿಯಾಸನ ಹೆಸರು ನನ್ನ ಬಾಯಿಂದ ಬರುವುದಿಲ್ಲ.

ಇನ್ನೂ ಒಂದು ಮಾತು ಕೇಳಬೇಕೆಂದಿದ್ದೇನೆ, ಅದಕ್ಕೆ ಡೇನಿಷ್ ಸಾಲದು, ಹೇಗೋ ಹೇಳುತ್ತೇನೆ. ಈ ಮಗುವಿಗೆ ಆಗಿಬರುವ ಊಟ ಮೀನು, ಸೀಲ್, ಕೊಬ್ಬು ಎಂದು ನೀವೇ ಹೇಳಿದ್ದೀರಿ. ಅದು ನಿಮ್ಮ ಮಕ್ಕಳ ಮನೆಯಲ್ಲಿ ಸಿಗುತ್ತದೋ, ನಮ್ಮ ದಡದಲ್ಲೋ? ಸಕ್ಕರೆ ಹಡಗಿನಲ್ಲಿ ಬರುವುದು. ಅದು ನನ್ನ ಮನೆಯ ಬಾಗಿಲು ದಾಟದಂತೆ ನೋಡಿಕೊಳ್ಳುವವನು ನಾನು. ಊರಿನವರೆಲ್ಲ ಮಾತು ಕೊಟ್ಟಿದ್ದಾರೆ. ಬೇಕಿದ್ದರೆ ಉಮ್ಮನ್ನಾಕಿನ ಡಾಕ್ಟರು ಯಾವಾಗ ಬೇಕಾದರೂ ಬಂದು ನೋಡಲಿ.

ಅವರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಈ ಪತ್ರವನ್ನು ಅಲ್ಲೇ ಟಪಾಲಿಗೆ ಹಾಕುತ್ತೇನೆ, ಹಾಗಾಗಿ ನೀನು ಓದುವ ಹೊತ್ತಿಗೆ ನನ್ನ ಮಾತು ಮುಗಿದಿರುತ್ತದೆ. ಕೊಲ್ಲಿಯ ನಡುವೆ ನೀರು ಕಪ್ಪಗೆ ಬಾಯಿ ಬಿಟ್ಟಿದೆ. ಬೇಡ ಎಂದು ಲೋವೀಸ ಎರಡು ಸಲ ಬಂದು ಹೇಳಿ ಹೋದಳು. ಬಂಡೆಯ ಬುಡಕ್ಕೆ ಅಂಟಿಕೊಂಡ ಮಂಜಿನ ಅಂಚು ಇನ್ನೂ ಗಟ್ಟಿಯಾಗಿದೆ. ಅದರ ಮೇಲೆ ಹೋದರೆ ದಾರಿ ಉದ್ದ, ಆದರೆ ದಾರಿಯಿದೆ. ಭಾರ ಕಡಿಮೆಯಿರಲೆಂದು ಅರ್ಧ ನಾಯಿಗಳನ್ನು ಮಾತ್ರ ಆರಿಸಿದ್ದೇನೆ. ಬಂಡಿಯ ಮೇಲೆ ಒಣಮೀನು, ಒಂದು ಚರ್ಮ, ಒಂದು ಕೋಲು, ಅಷ್ಟೇ.

ನಾಳೆ ಬೆಳಗ್ಗೆ, ಬಿಸಿಲು ಮಂಜಿನ ಅಂಚನ್ನು ಮುಟ್ಟುವ ಮೊದಲೇ, ನಾಯಿಗಳನ್ನು ಕಟ್ಟಿ ಹೊರಡುತ್ತೇನೆ.

ನಿನ್ನ ಅಪ್ಪ